ಕ್ಯಾಬಿನೆಟ್ಟಿನೊಳಗಿನ ಹಿಕ್ಕೆ

ಆಷಾಢ ಬಂತೆಂದರೆ ಭರಮಸಾಗರದ ಮೇಲೆ ಪಡುವಣ ಗಾಳಿಗೆ ಬಿಡುವೇ ಇರುವುದಿಲ್ಲ. ಮಳೆಯನ್ನೆಲ್ಲ ಮಲೆನಾಡಿಗೆ ಸುರಿದು ಬರಿಗೈಯಲ್ಲಿ ಬರುವ ಗಾಳಿ ಅದು. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವುದೂ ಅದೇ, ಹದ ಮಾಡಿಟ್ಟ ಹೊಲದ ಮಣ್ಣನ್ನೆತ್ತಿ ನಮ್ಮ ಕಪಾಟುಗಳ ಮೇಲೆ ಹಾಸುವುದೂ ಅದೇ. ನನ್ನ ಕಂಪ್ಯೂಟರ್ ಇರುವುದು ಪಡುವಣ ಕಿಟಕಿಯ ಪಕ್ಕದಲ್ಲಿ. ಅದರ ಡಿವಿಡಿ ಡ್ರೈವ್ ಕಾಣೆಯಾದದ್ದು ಇಂಥ ಗಾಳಿಯ ದಿನಗಳಲ್ಲೇ. ಪರದೆಯಲ್ಲಿ ಸಿ ಇತ್ತು, ಡಿ ಇತ್ತು, ಇ ಇರಬೇಕಾದ ಜಾಗ ಖಾಲಿ.

ಈ ಕಾಲದಲ್ಲಿ ಡಿವಿಡಿ ಯಾರಿಗೆ ಬೇಕು ಎನ್ನಬಹುದು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಗುಡ್ಡಗಳಲ್ಲಿ ಹಿಂದೆ ತೆಗೆದ ನನ್ನ ಚಿತ್ರಗಳೆಲ್ಲ ಡಿಸ್ಕ್‌ಗಳಲ್ಲೇ ಇವೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಜಗಳೂರೂ ಚಿತ್ರದುರ್ಗ ಜಿಲ್ಲೆಯದೇ. 2011ರಲ್ಲಿ ಅಲ್ಲಿನ ಸುಮಾರು 77 ಚದರ ಕಿಲೋಮೀಟರ್ ಕಾಡು ಕೊಂಡುಕುರಿಗೆಂದೇ ವನ್ಯಧಾಮವಾಯಿತು. ಹೆಸರಿಗೆ ಕುರಿಯಾದರೂ ಅದು ನಾಲ್ಕು ಕೊಂಬಿನ ಹುಲ್ಲೆ. ಎತ್ತರ ಎರಡು ಅಡಿಯಷ್ಟು, ತೂಕ 20 ಕಿಲೋದ ಆಸುಪಾಸು. ಕೊಂಬು ಗಂಡಿಗೆ ಮಾತ್ರ. ಹಿಂದೆ ಒಂದು ಜೊತೆ, ಹಣೆಯ ಮೇಲೆ ಗಿಡ್ಡನೆಯ ಇನ್ನೊಂದು ಜೊತೆ. ಹಿಂಡು ಕಟ್ಟುವ ಜಾತಿಯಲ್ಲ, ಒಂಟಿಯಾಗಿಯೋ ಜೋಡಿಯಾಗಿಯೋ ಹುಲ್ಲಿನ ಮರೆಯಲ್ಲಿರುತ್ತದೆ. ಹುಡುಕಿಕೊಂಡು ಹೋದವರಲ್ಲಿ ಬಹಳ ಮಂದಿ ನೋಡದೆಯೇ ಹಿಂದಿರುಗುತ್ತಾರೆ. ಆದರೆ ಕೊಂಡುಕುರಿಗೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುವ ಅಭ್ಯಾಸವಿದೆ. ಆ ಗುಡ್ಡೆಯಲ್ಲಿ ಒದ್ದೆಯಾಗಿ ಹೊಳೆಯುವುದು ಹೊಸದು, ಒಣಗಿ ಬಿರುಕು ಬಿಟ್ಟದ್ದು ಹಳೆಯದು. ಪ್ರಾಣಿ ಕಾಣದಿದ್ದರೂ ಅದರ ಓಡಾಟ ಅಲ್ಲಿ ಬರೆದಿಟ್ಟಿರುತ್ತದೆ.

ಊರಿನ ಜೆರಾಕ್ಸ್ ಅಂಗಡಿಯ ಹುಡುಗ ಕಂಪ್ಯೂಟರ್ ರಿಪೇರಿಯನ್ನೂ ಬಲ್ಲವನು. ಬಂದವನೇ ಪರದೆ ನೋಡಿ ತೀರ್ಪು ಕೊಟ್ಟ. “ಡ್ರೈವ್ ಹೋಗೈತೆ ಸಾರ್. ಈಗ ಯಾರ್ ಹಾಕ್ತಾರೆ ಸೀಡಿನ? ಬಿಟ್ಟಾಕ್ರಿ.” ಮಾತು ಮುಗಿಯುವುದಕ್ಕೂ ಹಲ್ಲಿಯೊಂದು ಲೊಚಗುಟ್ಟುವುದಕ್ಕೂ ಸರಿಹೋಯಿತು. “ನೋಡ್ರಿ, ಹಲ್ಲಿನೂ ಹೌದು ಅಂತೈತೆ” ಎಂದು ನಕ್ಕ. ನನ್ನ ಗಮನ ಹೋದದ್ದು ಸದ್ದು ಬಂದ ದಿಕ್ಕಿಗೆ. ಅದು ಗೋಡೆಯಿಂದ ಬಂದಿರಲಿಲ್ಲ, ಮೇಜಿನ ಕೆಳಗಿನ ಕ್ಯಾಬಿನೆಟ್ಟಿನೊಳಗಿಂದ ಬಂದಿತ್ತು. ಟಿಪ್ಪಣಿ ಪುಸ್ತಕದಲ್ಲಿ ಅದನ್ನು ಬರೆದುಕೊಂಡೆ.

ಪ್ರಾಣಿ ಸಮೀಕ್ಷೆ ಮಾಡುವವರಿಗೆ ಒಂದು ಹಳೆಯ ತೊಡಕಿದೆ. ಹೋದಾಗ ಕಾಣಲಿಲ್ಲವೆಂದು ಸೊನ್ನೆ ಬರೆದರೆ ಆ ಸೊನ್ನೆಯಲ್ಲಿ ಎರಡು ಸಂಗತಿಗಳು ಬೆರೆತುಬಿಡುತ್ತವೆ: ಪ್ರಾಣಿ ಇರಲೇ ಇಲ್ಲ, ಅಥವಾ ಇತ್ತು, ನಮ್ಮ ಕಣ್ಣಿಗೆ ಬೀಳಲಿಲ್ಲ. ಡ್ಯಾರಿಲ್ ಮೆಕೆಂಜಿ ಮತ್ತು ಸಂಗಡಿಗರು 2002ರಲ್ಲಿ ಇವೆರಡನ್ನು ಬಿಡಿಸಿ ನೋಡುವ ಲೆಕ್ಕವೊಂದನ್ನು ಪ್ರಕಟಿಸಿದರು. ಒಂದೇ ಜಾಗವನ್ನು ಮತ್ತೆ ಮತ್ತೆ ನೋಡಬೇಕು, ಪ್ರತಿ ಸಲ ಕಂಡಿತೋ ಇಲ್ಲವೋ ಬೇರೆಬೇರೆಯಾಗಿ ಬರೆಯಬೇಕು. ಇದ್ದೂ ಕಾಣದೆ ಹೋಗುವ ಸಾಧ್ಯತೆ ಎಷ್ಟೆಂಬುದು ಆ ಬರಹದಿಂದಲೇ ಹೊರಡುತ್ತದೆ. ಕಂಪ್ಯೂಟರಿನಲ್ಲೂ ಡ್ರೈವನ್ನು ಬಲ್ಲವರು ಒಬ್ಬರಲ್ಲ. ಕರೆಂಟು ಕೊಡುವ ಎಸ್‌ಎಂಪಿಎಸ್, ಮಾತು ಸಾಗಿಸುವ ಸಾಟಾ ಕೇಬಲ್, ಬೋರ್ಡಿನ ಬಯೋಸ್, ಎಲ್ಲಕ್ಕೂ ಮೇಲೆ ವಿಂಡೋಸ್. ಪರದೆಯ ಮೇಲಿನ ‘ಇಲ್ಲ’ ಕೊನೆಯವನ ಹೇಳಿಕೆ ಮಾತ್ರ. ಉಳಿದವರನ್ನೂ ಒಬ್ಬೊಬ್ಬರನ್ನಾಗಿ ಕೇಳಬೇಕು.

ಮೊದಲು ಹೊರಗಿನ ಕುರುಹು. ಗುಂಡಿ ಒತ್ತಿದರೆ ಟ್ರೇ ಹೊರಬಂತು. ಡಿಸ್ಕ್ ಇಟ್ಟು ಒಳಗೆ ಕಳಿಸಿದರೆ ಮುಖದ ಮೇಲಿನ ದೀಪ ಮಿನುಗಿತು, ಒಳಗೆ ಮೋಟಾರು ಗುಂಯ್‌ಗುಟ್ಟಿತು. ಅಂದರೆ ಎಸ್‌ಎಂಪಿಎಸ್‌ನಿಂದ ಬರಬೇಕಾದ 5 ಮತ್ತು 12 ವೋಲ್ಟ್ ಎರಡೂ ತಲುಪುತ್ತಿವೆ. ಸತ್ತದ್ದು ಉಸಿರಾಡುವುದಿಲ್ಲ. ಟ್ರೇ ಬಾರದೆ ಹೋಗಿದ್ದರೆ ಕಂಪ್ಯೂಟರ್ ಆರಿಸಿ, ಮುಖದ ಮೇಲಿನ ಸಣ್ಣ ತೂತಿಗೆ ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ ತೂರಿಸಿ ಹೊರಗೆಳೆಯಬಹುದಿತ್ತು. ಆ ಪ್ರಮೇಯ ಬರಲಿಲ್ಲ.

ಮುಂದೆ ಬಯೋಸ್. ಬೋರ್ಡು ಎಚ್ಚರವಾದ ಕೂಡಲೇ ಪ್ರತಿ ಸಾಟಾ ಪೋರ್ಟಿನಲ್ಲೂ ಯಾರಿದ್ದೀರಿ ಎಂದು ಕೇಳುತ್ತದೆ. ಇದ್ದವರು ತಮ್ಮ ಮಾದರಿಯ ಹೆಸರು ಹೇಳಬೇಕು. ಹಾರ್ಡ್‌ಡಿಸ್ಕ್ ಹೇಳಿತ್ತು. ಡಿವಿಡಿಯ ಸಾಲು ಖಾಲಿ. ಗಡಿಯಾರ ಸರಿಯಾದ ತಾರೀಖನ್ನೇ ತೋರಿಸುತ್ತಿದ್ದುದರಿಂದ 3 ವೋಲ್ಟಿನ ಸಿಆರ್2032 ಬ್ಯಾಟರಿ ಸೋತು ಸೆಟಿಂಗ್‌ಗಳು ಅಳಿಸಿರಬಹುದೆಂಬ ಅನುಮಾನ ಕೈಬಿಟ್ಟೆ. ಪೋರ್ಟುಗಳನ್ನು ಯಾರೂ ಮುಚ್ಚಿರಲಿಲ್ಲ. ಇಷ್ಟಾದ ಮೇಲೆ ವಿಂಡೋಸನ್ನು ಮತ್ತೆ ಹಾಕಿಸಿ ಪ್ರಯೋಜನವಿಲ್ಲ. ಡ್ರೈವ್‌ಗೂ ಬೋರ್ಡಿಗೂ ನಡುವೆ ಎಲ್ಲೋ ಮಾತು ತುಂಡಾಗಿದೆ.

ಪ್ಲಗ್ ಕಿತ್ತು, ಬಣ್ಣವಿಲ್ಲದ ತಗಡನ್ನು ಮುಟ್ಟಿ ಮೈಮೇಲಿನ ಸ್ಥಿರ ವಿದ್ಯುತ್ತನ್ನು ಇಳಿಸಿಕೊಂಡು ಬದಿಯ ತಗಡು ಸರಿಸಿದೆ. ನಮ್ಮ ಒಣ ಹವೆಯಲ್ಲಿ ಈ ಎಚ್ಚರ ಬೇಕೇ ಬೇಕು. ಫ್ಯಾನಿನ ಬಾಯಲ್ಲಿ ಕಟ್ಟಿದ್ದ ಧೂಳನ್ನು ಕೆರೆಯದೆ ಮೊದಲು ಟಾರ್ಚ್ ಬಿಟ್ಟು ನೋಡಿದೆ. ಮೇಲಿನದು ಎರೆಹೊಲದ ಕಪ್ಪು ನುಣುಪು ಹುಡಿ, ಈ ಗಾಳಿಯದು. ಅದರಡಿ ಹಗುರವಾದ ಮಸುಕು ಹಳದಿ ಪದರ, ಸುಗ್ಗಿಯಲ್ಲಿ ಮೆಕ್ಕೆಜೋಳ ಒಕ್ಕುವಾಗ ಹಾರಿದ ಹೊಟ್ಟು. ಅದಕ್ಕೂ ಕೆಳಗೆ ಮತ್ತೆ ಮಣ್ಣು. ವರ್ಷಗಳು ಒಂದರ ಮೇಲೊಂದು ಕೂತಿದ್ದವು. ಧೂಳು ಬಿಸಿಯನ್ನು ಹೊರಹೋಗಗೊಡುವುದಿಲ್ಲ, ಫ್ಯಾನನ್ನು ದಣಿಸುತ್ತದೆ. ಆದರೆ ಹಾರ್ಡ್‌ಡಿಸ್ಕನ್ನು ಬಿಟ್ಟು ಡಿವಿಡಿಯ ದನಿಯನ್ನಷ್ಟೇ ಅಡಗಿಸಲು ಅದಕ್ಕೆ ಕಾರಣವಿಲ್ಲ.

ಕುರುಹು ಸಿಕ್ಕಿದ್ದು ಬೋರ್ಡಿನ ಕೆಳಮೂಲೆಯಲ್ಲಿ, ಸಾಟಾ ಪೋರ್ಟುಗಳ ಬಳಿ. ಅಕ್ಕಿಕಾಳಿನಷ್ಟು ಉದ್ದದ ಕಪ್ಪು ಹಿಕ್ಕೆಗಳು, ಒಂದೊಂದರ ತುದಿಯೂ ಬಿಳಿ. ಹಲ್ಲಿಯವು. ಆ ಬಿಳಿ ಭಾಗ ಯೂರಿಕ್ ಆಮ್ಲ. ನಾವು ಮೈಯೊಳಗಿನ ಸಾರಜನಕದ ಕಸವನ್ನು ಯೂರಿಯಾ ಮಾಡಿ ನೀರಿನಲ್ಲಿ ಕರಗಿಸಿ ಹೊರಹಾಕುತ್ತೇವೆ. ಹಲ್ಲಿಗಳೂ ಹಕ್ಕಿಗಳೂ ಅದನ್ನು ಹೆಚ್ಚು ನೀರು ಬೇಡದ ಗಟ್ಟಿಯಾಗಿಸಿ ಹಾಕುತ್ತವೆ. ನೀರು ಉಳಿಸುವ ಈ ಉಪಾಯ ನಮ್ಮಂಥ ಒಣಸೀಮೆಗೆ ಹೇಳಿ ಮಾಡಿಸಿದ್ದು. ಬಂದ ದಾರಿಯೂ ತಿಳಿಯಿತು: ಹಿಂಬದಿಯಲ್ಲಿ ಕಾರ್ಡ್ ಇಲ್ಲದ ಸ್ಲಾಟ್ ಒಂದರ ಮುಚ್ಚಳ ಇರಲಿಲ್ಲ. ಕಂಪ್ಯೂಟರ್ ಆರಿಸಿದರೂ ಗೋಡೆಯ ಸ್ವಿಚ್ ಹಾಕಿಯೇ ಇದ್ದರೆ ಎಸ್‌ಎಂಪಿಎಸ್‌ನಲ್ಲಿ 5 ವೋಲ್ಟಿನ ಸಣ್ಣ ಹರಿವು ಎಚ್ಚರವಾಗಿರುತ್ತದೆ, ರಾತ್ರಿಯೆಲ್ಲ ಅಲ್ಲಿ ಬೆಚ್ಚಗಿರುತ್ತದೆ. ಖಾಲಿ ಬಿಟ್ಟ ಹಾರ್ಡ್‌ಡಿಸ್ಕ್ ಗೂಡಿನಲ್ಲಿ ಒಡೆದ ಮೊಟ್ಟೆಚಿಪ್ಪು ಎರಡು. ಮನೆಹಲ್ಲಿ ಒಂದು ಸಲಕ್ಕೆ ಇಡುವುದು ಸಾಮಾನ್ಯವಾಗಿ ಎರಡೇ ಮೊಟ್ಟೆ.

ಹಲ್ಲಿಗಳು ಈಗೀಗ ಹೆಚ್ಚಾಗಿರುವುದಕ್ಕೆ ನನ್ನ ಗೋಡೆಯ ಮಟ್ಟಿಗೆ ಒಂದು ವಿವರಣೆ ಇದೆ. ಬಿಚ್ಚುಗತ್ತಿ ಭರಮಣ್ಣ ನಾಯಕನ ಹೆಸರು ಹೊತ್ತ ನಮ್ಮ ಕೆರೆಗೆ ಈಚಿನ ವರ್ಷಗಳಲ್ಲಿ ಏತ ನೀರಾವರಿಯಿಂದ ತುಂಗಭದ್ರೆಯ ನೀರು ಬರುತ್ತಿದೆ. ಕೆರೆ ತುಂಬಿದ ಮೇಲೆ ಸಂಜೆಯ ಟ್ಯೂಬ್‌ಲೈಟಿಗೆ ಮುತ್ತುವ ಹುಳುಗಳೇ ಬೇರೆ. ನೋಡಲು ಸೊಳ್ಳೆ, ಆದರೆ ಕಚ್ಚುವುದಿಲ್ಲ; ಮರಿಗಳು ಕೆರೆಯ ತಳದ ಕೆಸರಿನಲ್ಲಿ ಬೆಳೆಯುತ್ತವೆ. ಕೈರೊನೊಮಿಡ್ ಎಂಬ ಗುಂಪಿನವು. ನೀರಿದ್ದಲ್ಲಿ ಈ ಹುಳು, ಹುಳು ಇದ್ದಲ್ಲಿ ಹಲ್ಲಿ, ಹಲ್ಲಿ ಇದ್ದಲ್ಲಿ ಹಿಕ್ಕೆ. ಹರಿಹರದ ಕಡೆಯಿಂದ ಬಂದ ಹೊಳೆನೀರು ಇಷ್ಟು ಸುತ್ತಿ ನನ್ನ ಬೋರ್ಡಿನ ಮೂಲೆ ಮುಟ್ಟಿತ್ತು.

ಸಾಟಾ ಡೇಟಾ ಕೇಬಲ್‌ನಲ್ಲಿ 7 ಸಂಪರ್ಕಗಳಿರುತ್ತವೆ, ನಾಲ್ಕು ಮಾತಿಗೆ, ಮೂರು ಅರ್ತ್‌ಗೆ. ಡಿವಿಡಿಗೆ ಹೋಗುತ್ತಿದ್ದುದು ಕ್ಲಿಪ್ ಇಲ್ಲದ ಹಳೆಯ ಕೇಬಲ್, ಅರ್ಧ ಜಾರಿ ವಾರೆಯಾಗಿ ಕೂತಿತ್ತು. ಆ ಸಂದಿನಲ್ಲಿ ಹಿಕ್ಕೆ ಒಣಗಿ ಅಂಟಿತ್ತು. ಕಿತ್ತು ನೋಡಿದರೆ ಎರಡೂ ಬಾಯಲ್ಲಿ ಹಸಿರು ಕಿಲುಬು. ಇಲ್ಲಿ ಅವಸರ ಸಲ್ಲದು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಡ್ರೈವ್ ಕಂಡೀತು, ಕಾರಣ ಕಾಣದು. ಹಳೆಯ ಕೇಬಲ್ಲನ್ನು ಬೇರೆ ಪೋರ್ಟಿಗೆ ಹಾಕಿದೆ: ಇಲ್ಲ. ಹುಡುಗ ತಂದ ಹೊಸ ಕೇಬಲ್ಲನ್ನು ಹಳೆಯ ಪೋರ್ಟಿಗೆ: ಇಲ್ಲ. ಹೊಸ ಕೇಬಲ್, ಬೇರೆ ಪೋರ್ಟು: ಬಯೋಸ್ ಪಟ್ಟಿಯಲ್ಲಿ ಡ್ರೈವ್ ತನ್ನ ಹೆಸರು ಹೇಳಿತು. “ಹಲ್ಲಿ ಹೇಳಿದ್ದು ಡ್ರೈವ್ ವಿಚಾರ ಅಲ್ಲ ಬಿಡ್ರಿ ಸಾರ್, ಅದರ ಮನೆ ವಿಚಾರ” ಎಂದ ಹುಡುಗ.

ಇಷ್ಟಾದರೂ ವಿಂಡೋಸಿನ ‘ಇಲ್ಲ’ ಹಾಗೇ ಉಳಿಯಿತು. ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವ್‌ನ ಹೆಸರಿನ ಮೇಲೆ ಹಳದಿ ಗುರುತು, ಕೋಡ್ 39. ಇದು ಬೇರೆಯೇ ಜಾತಿಯ ತೊಂದರೆ. ಡಿಸ್ಕ್ ಬರೆಯುವ ಸಾಫ್ಟ್‌ವೇರ್‌ಗಳು ವಿಂಡೋಸಿಗೂ ಡ್ರೈವ್‌ಗೂ ನಡುವೆ ತಮ್ಮದೊಂದು ಸೋಸುಪದರ ಹಾಕಿಕೊಳ್ಳುತ್ತವೆ. ಅವನ್ನು ತೆಗೆದುಹಾಕಿದ ಮೇಲೂ ರಿಜಿಸ್ಟ್ರಿಯಲ್ಲಿ ಆ ಪದರದ ಹೆಸರು ಉಳಿದರೆ, ವಿಂಡೋಸ್ ಇಲ್ಲದ ಕಡತಕ್ಕೆ ಕಾದು ಡ್ರೈವನ್ನು ಒಳಗೆ ಬಿಡುವುದಿಲ್ಲ. ರಿಜಿಸ್ಟ್ರಿಯ ನಕಲು ತೆಗೆದಿಟ್ಟು, ಸೀಡಿ, ಡಿವಿಡಿ ಡ್ರೈವ್‌ಗಳ ವರ್ಗದಲ್ಲಿ ಅಪ್ಪರ್‌ಫಿಲ್ಟರ್ಸ್, ಲೋಯರ್‌ಫಿಲ್ಟರ್ಸ್ ಎಂಬ ಎರಡು ನಮೂದುಗಳನ್ನು ಅಳಿಸಿ ಮತ್ತೆ ಶುರುಮಾಡಿದೆ. ಇ ಬಂತು. ಹಲ್ಲಿಯೊಂದನ್ನೇ ಹೊಣೆ ಮಾಡಿ ಕೂತಿದ್ದರೆ ಈ ಎರಡನೆಯ ಕಾರಣ ಸಿಗುತ್ತಿರಲಿಲ್ಲ. ಕಾಡಿನಲ್ಲೂ ಹೀಗೆಯೇ: ಒಂದು ಪ್ರಾಣಿ ಕಣ್ಮರೆಯಾಗಲು ಒಂದೇ ಕಾರಣ ಇರಬೇಕೆಂಬ ನಿಯಮವಿಲ್ಲ.

ಉಳಿದದ್ದು ಡಿಸ್ಕ್‌ಗಳ ಮಾತು. ಡಿವಿಡಿಯನ್ನು ಓದುವುದು 650 ನ್ಯಾನೋಮೀಟರ್ ಅಲೆಯುದ್ದದ ಕೆಂಪು ಲೇಸರ್. ಸುರುಳಿಯ ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ 0.74 ಮೈಕ್ರಾನ್, ನಮ್ಮ ಒಂದು ತಲೆಗೂದಲಿನ ಅಡಿಯಲ್ಲಿ ಅಂಥ ತೊಂಬತ್ತು ಸುತ್ತುಗಳಾದರೂ ಹಿಡಿಸುತ್ತವೆ. ಮಸೂರದ ಮೇಲಿನ ಹುಡಿಯನ್ನು ಗಾಳಿಯ ಪಂಪಿನಿಂದ ಮೆಲ್ಲಗೆ ಊದಿದ ಮೇಲೆ ಹೆಚ್ಚಿನ ಡಿಸ್ಕ್‌ಗಳು ಓದಿದವು. ಓದದವು ಬಹುತೇಕ ಕಿಟಕಿಯ ಕಡೆಯ ಅಂಚಿನಲ್ಲಿ ಬಿಸಿಲು ಕಂಡವು. ನಾವೇ ಬರೆಯುವ ಡಿಸ್ಕ್‌ಗಳಲ್ಲಿ ಮಾಹಿತಿ ನಿಲ್ಲುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲಿಗೆ ಅದು ಕೆಡುತ್ತದೆ. ತೇವದ ನಾಡಿನಲ್ಲಿ ಬೇರೆ ಶತ್ರುಗಳಿದ್ದಾರೆ: ಮಧ್ಯ ಅಮೆರಿಕದ ಬೆಲೀಜ್‌ನಿಂದ ಬಂದ ಸೀಡಿಯೊಂದನ್ನು ಜಿಯೋಟ್ರೈಕಮ್ ಜಾತಿಯ ಶಿಲೀಂಧ್ರ ತಿಂದಿರುವುದನ್ನು ಸ್ಪೇನಿನ ಸಂಶೋಧಕರು 2001ರಲ್ಲಿ ಗುರುತಿಸಿದ್ದರು.

ಸ್ಲಾಟಿಗೆ ತಗಡು ಹಾಕಿದ್ದಾಗಿದೆ. ಫ್ಯಾನಿನ ಬಾಯಿಗೆ ಜಾಲರಿ, ರಾತ್ರಿ ಗೋಡೆಯ ಸ್ವಿಚ್ಚೇ ಆಫ್. ಹಲ್ಲಿಗೆ ಟ್ಯೂಬ್‌ಲೈಟಿನ ಪಕ್ಕ ಬೇಕಾದಷ್ಟು ಊಟವಿದೆ. ಓದಿದ ಚಿತ್ರಗಳು ಎರಡು ಹಾರ್ಡ್‌ಡಿಸ್ಕ್‌ಗಳಿಗೆ ನಕಲಾಗಿವೆ. ಓದದವುಗಳ ಲಕೋಟೆಯ ಮೇಲೆ ‘ಹಾಳು’ ಎಂದು ಬರೆದಿಲ್ಲ. ಯಾವ ಡ್ರೈವ್, ಯಾವ ತಿಂಗಳು, ಮಸೂರ ಊದುವ ಮೊದಲೋ ನಂತರವೋ, ಅಷ್ಟನ್ನು ಬರೆದಿದ್ದೇನೆ. ದಾವಣಗೆರೆಯಲ್ಲಿ ಇನ್ನೊಂದು ಡ್ರೈವ್ ಅವನ್ನು ನೋಡುವವರೆಗೆ ಪಟ್ಟಿಯಿಂದ ಯಾವುದನ್ನೂ ತೆಗೆಯುವುದಿಲ್ಲ.