ಕೇಳುವವರ ಊರು

ಧಾರವಾಡದಲ್ಲಿ ನಿಂತು ಕಲ್ಲೊಂದನ್ನು ಎಸೆದರೆ ಅದು ಯಾವನಾದರೊಬ್ಬ ಕವಿಯ ಮನೆಯ ಮೇಲೆಯೇ ಬೀಳುವುದೆಂದು ಹಾಸ್ಯಕ್ಕೆ ಹೇಳುವುದುಂಟು. ಮಾತಿನಲ್ಲಿ ವಿನೋದವೆಷ್ಟಿದೆಯೋ ಸತ್ಯವೂ ಅಷ್ಟೇ ಇದೆ. ಆದರೆ ಇಷ್ಟೊಂದು ಕವಿಗಳು ಒಂದೇ ಊರಿನಲ್ಲಿ ಬಾಳಬೇಕಾದರೆ ಅವರ ಮಾತನ್ನು ಕೇಳುವವರು ಅದರ ಎಷ್ಟು ಪಟ್ಟು ಇರಬೇಕು? ಆ ಕೇಳುವವರನ್ನು ಸಿದ್ಧಪಡಿಸಿದವರಾರು? ಈ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಹಾಕಿಕೊಳ್ಳುವುದಿಲ್ಲ. ಸಾಹಿತ್ಯದ ಚರಿತ್ರೆಯಲ್ಲಿ ಬರೆದವರ ಹೆಸರುಗಳಿರುತ್ತವೆ. ಕುಳಿತು ಕೇಳಿದವರ ಹೆಸರುಗಳಿರುವುದಿಲ್ಲ.

ನಾನು ಕೇಳುವವರ ಸಾಲಿಗೆ ಸೇರಿದವನು. ಸೇರಿದ್ದು ಸಾಹಿತ್ಯಪ್ರೇಮದಿಂದಲ್ಲ, ಮಳೆಯಿಂದ. ಹಳ್ಳಿಯಿಂದ ಕಾಲೇಜಿಗೆಂದು ಬಂದ ಮೊದಲ ವರ್ಷ, ಆಷಾಢದ ಒಂದು ಸಂಜೆ, ಕೊಡೆಯಿಲ್ಲದ ನಾನು ಕರ್ನಾಟಕ ವಿದ್ಯಾವರ್ಧಕ ಸಂಘದ ಬಾಗಿಲಿಗೆ ಬಂದು ನಿಂತೆ. ಒಳಗೆ ಯಾರೋ ಹಳಗನ್ನಡದ ಪದ್ಯವೊಂದನ್ನು ಬಿಡಿಸಿ ಹೇಳುತ್ತಿದ್ದರು. ಕಡೆಯ ಸಾಲಿನಲ್ಲಿ ಕುಳಿತಿದ್ದ, ಧೋತರ ಉಟ್ಟ ಹಿರಿಯರೊಬ್ಬರು ಸರಿದು ನನಗೆ ಜಾಗ ಮಾಡಿಕೊಟ್ಟು ಮೆಲ್ಲಗೆ ಕೇಳಿದರು:

“ತಮ್ಮಾ, ಮಳಿ ಸಲುವಾಗಿ ಬಂದ್ಯೋ, ಮಾತಿನ ಸಲುವಾಗಿ ಬಂದ್ಯೋ?”

“ಮಳಿ ಸಲುವಾಗಿರೀ, ಅಜ್ಜಾರ,” ಎಂದೆ.

“ಅಡ್ಡಿ ಇಲ್ಲ. ಮುಂದಿನ ವಾರ ಮಾತಿನ ಸಲುವಾಗಿ ಬಾ.”

ಹೋದೆ. ಆಮೇಲೆ ಅನೇಕ ವರ್ಷ ಹೋಗುತ್ತಲೇ ಇದ್ದೆ. ಆ ಹಿರಿಯರ ಹೆಸರನ್ನು ಮಾತ್ರ ಕೊನೆಯವರೆಗೂ ಕೇಳಲಿಲ್ಲ. ಅವರು ಕವಿಯಲ್ಲ, ಪಂಡಿತರಲ್ಲ. ಯಾವುದೋ ಕಚೇರಿಯಲ್ಲಿ ಕಾರಕೂನರಾಗಿದ್ದು ನಿವೃತ್ತರಾದವರೆಂದು ತಿಳಿಯಿತು. ಆದರೆ ವ್ಯಾಖ್ಯಾನ ಮುಗಿದೊಡನೆ ಅವರು ಕೇಳುತ್ತಿದ್ದ ಒಂದೇ ಒಂದು ಪ್ರಶ್ನೆಗೆ ವಿದ್ವಾಂಸರು ಸಹ ಕ್ಷಣಕಾಲ ತಡವರಿಸುತ್ತಿದ್ದರು. ಅಂಥ ಕೇಳುಗನೊಬ್ಬನು ಸಭೆಯಲ್ಲಿರುವನೆಂಬ ಅರಿವೇ ಮಾತನಾಡುವವನನ್ನು ಎಚ್ಚರದಲ್ಲಿಡುತ್ತದೆ.

ಈ ಸಂಘ ಹುಟ್ಟಿದ್ದು 1890ರ ಜುಲೈ 20ರಂದು. ಆಗ ಧಾರವಾಡವು ಮುಂಬಯಿ ಇಲಾಖೆಗೆ ಸೇರಿತ್ತು. ವ್ಯವಹಾರದಲ್ಲಿಯೂ ವಿದ್ಯಾವಂತರ ಓದುಬರಹದಲ್ಲಿಯೂ ಮರಾಠಿಯ ಪ್ರಾಬಲ್ಯವಿತ್ತು. ಮನೆಯಲ್ಲಿ ಕನ್ನಡವನ್ನಾಡುವವರೇ ಲೇಖನಿ ಹಿಡಿದೊಡನೆ ಮರಾಠಿಗೆ ತಿರುಗುತ್ತಿದ್ದ ಕಾಲವದು. ರಾ. ಹ. ದೇಶಪಾಂಡೆಯವರೂ ಅವರ ಸಂಗಡಿಗರೂ ಈ ಸ್ಥಿತಿಯನ್ನು ಕಂಡು ಮರುಗಿ ಸುಮ್ಮನಾಗಲಿಲ್ಲ, ಸಂಘವನ್ನು ಕಟ್ಟಿದರು. ‘ಸಿರಿಗನ್ನಡಂ ಗೆಲ್ಗೆ’ ಎಂಬ ಘೋಷವನ್ನು ನಾಡಿಗೆ ಕೊಟ್ಟವರು ದೇಶಪಾಂಡೆಯವರೇ. ಆದರೆ ಘೋಷದಿಂದಲೇ ಭಾಷೆ ಬೆಳೆಯದೆಂಬುದನ್ನು ಅವರು ಬಲ್ಲವರಾಗಿದ್ದರು. ಕನ್ನಡದಲ್ಲಿ ಒಳ್ಳೆಯ ಗ್ರಂಥಗಳನ್ನು ಬರೆಯಿಸುವುದು, ಬರೆದವರಿಗೆ ಉತ್ತೇಜನ ಕೊಡುವುದು, ಓದುವವರನ್ನು ಕೂಡಿಸುವುದು ಸಂಘದ ಉದ್ಯೋಗವಾಯಿತು. 1896ರಲ್ಲಿ ‘ವಾಗ್ಭೂಷಣ’ ಪತ್ರಿಕೆ ಹೊರಟಿತು. ಮುಂದೆ ಆಲೂರ ವೆಂಕಟರಾಯರು ಅದರ ಸಂಪಾದಕರಾದರು. ನಾಡಿನ ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರಿಗೆ ತಾವೆಲ್ಲರೂ ಒಂದೆಂಬ ಭಾವನೆ ಮೂಡಿದ್ದು ಇಂಥ ಪತ್ರಿಕೆಗಳಿಂದ, ಇಂಥ ಸಭೆಗಳಿಂದ. 1915ರಲ್ಲಿ ಬೆಂಗಳೂರಿನಲ್ಲಿ ಪರಿಷತ್ತು ಹುಟ್ಟಿತು. 1918ರಲ್ಲಿ ಸಾಹಿತ್ಯ ಸಮ್ಮೇಲನವು ಆರ್. ನರಸಿಂಹಾಚಾರ್ಯರ ಅಧ್ಯಕ್ಷತೆಯಲ್ಲಿ ಧಾರವಾಡದಲ್ಲಿಯೇ ಸೇರಿತು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ಭೂಪಟದ ಮೇಲೆ ಗೆರೆ ಬದಲಾಗುವುದಕ್ಕೆ ಬಹಳ ಮುಂಚೆ, ಚಾಪೆಯ ಮೇಲೆ ಕೂತವರ ಮನಸ್ಸಿನಲ್ಲಿ ಆ ಗೆರೆ ಅಳಿದುಹೋಗಿತ್ತೆಂದೇ ನಾನು ತಿಳಿದಿದ್ದೇನೆ.

ಒಂದು ಸಂಘವು ಬೇರೂರಿದ ಊರಿನಲ್ಲಿ ಎರಡನೆಯದು ತಾನಾಗಿ ಚಿಗುರುತ್ತದೆ. ಬೇಂದ್ರೆಯವರ ಸುತ್ತ ಕೂಡಿದ ‘ಗೆಳೆಯರ ಗುಂಪಿ’ನಲ್ಲಿ ಬೆಟಗೇರಿ ಕೃಷ್ಣಶರ್ಮ, ಗೋಕಾಕ, ಮುಗಳಿ, ಶಂ. ಬಾ. ಜೋಶಿ ಮೊದಲಾದವರಿದ್ದರು. ಒಬ್ಬರು ಬರೆದುದಕ್ಕೆ ಉಳಿದವರೇ ಮೊದಲ ಕೇಳುಗರು. ಮೊದಲ ವಿಮರ್ಶಕರೂ ಅವರೇ. 1933ರಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದಾಗ ಚಂದಾದಾರರನ್ನೇ ನಂಬಿ ಪುಸ್ತಕ ಅಚ್ಚುಮಾಡಿದರು. ಹೊಸಬನ ಹೊಸ ಪುಸ್ತಕಕ್ಕೂ ಓದುಗನು ಮೊದಲೇ ಕಾದು ಕುಳಿತಿರುವ ಏರ್ಪಾಡು ಇದು. ಸುಭಾಸ ರಸ್ತೆಯ ಅವರ ‘ಅಟ್ಟ’ವನ್ನು ಹತ್ತಿ ಇಳಿಯದ ಬರಹಗಾರರು ಆ ಕಾಲದ ಧಾರವಾಡದಲ್ಲಿ ವಿರಳ. ಇನ್ನೂ ಹೆಸರಾಗದಿದ್ದ ತರುಣ ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಪ್ರಕಟವಾದದ್ದು ಈ ಮಾಲೆಯಲ್ಲಿಯೇ.

ಇವುಗಳಿಂದ ಊರಿಗೆ ಆದ ಲಾಭವೇನೆಂದು ಲೆಕ್ಕ ಕೇಳುವವರಿದ್ದಾರೆ. ಲಾಭಕ್ಕಾಗಿ ಹುಟ್ಟದ ಸಂಸ್ಥೆಯ ಲಾಭವನ್ನು ಜಮಾಖರ್ಚಿನ ವಹಿಯಲ್ಲಿ ಹುಡುಕಬಾರದು. ವಕೀಲರೂ ಶಾಲೆಯ ಮಾಸ್ತರರೂ ಅಂಗಡಿಕಾರರೂ ವಿದ್ಯಾರ್ಥಿಗಳೂ ಒಂದೇ ಸಾಲಿನಲ್ಲಿ ಒಂದು ಗಂಟೆ ಸುಮ್ಮನೆ ಕೂತು, ತಮಗೆ ಒಪ್ಪದ ಮಾತನ್ನೂ ಪೂರ್ತಿ ಕೇಳಿ, ಬಳಿಕ ಎದ್ದು ನಿಂತು ಸಭ್ಯವಾಗಿ ವಿರೋಧಿಸುವುದನ್ನು ಕಲಿಯುವರಾದರೆ, ನಗರವೊಂದಕ್ಕೆ ಇದಕ್ಕಿಂತ ದೊಡ್ಡ ಸಂಪತ್ತು ಯಾವುದು? ನಾನು ವಿರೋಧಿಸುವುದನ್ನು ಕಲಿತದ್ದು ಅಲ್ಲಿ. ಸೋಲೊಪ್ಪುವುದನ್ನು ಕಲಿತದ್ದೂ ಅಲ್ಲಿಯೇ.

ಹೋದ ಮಳೆಗಾಲದಲ್ಲಿ ಊರಿನ ಇನ್ನೊಂದು ಚಿಕ್ಕ ಸಾಹಿತ್ಯಕೂಟಕ್ಕೆ ಹೋಗಿದ್ದೆ. ಹಾಸಿದ ಕುರ್ಚಿಗಳು ಐವತ್ತು, ತುಂಬಿದವು ಹದಿನಾಲ್ಕು. ಅವುಗಳಲ್ಲಿ ನಾಲ್ಕು ಭಾಷಣಕಾರರ ಮನೆಯವರವು. ನನ್ನ ಜೊತೆಗೆ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಹಿಂದಿರುಗುವಾಗ ನೇರವಾಗಿ ಕೇಳಿದಳು: “ಸರ್, ಇದನ್ನ ಮನ್ಯಾಗ ಕೂತು ಮೊಬೈಲಿನ್ಯಾಗ ಕೇಳಬಹುದಲ್ಲರೀ?”

ಅವಳ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಕೇಳಬಹುದು, ನಾನೂ ಕೇಳುತ್ತೇನೆ. ದೂರದ ಹಳ್ಳಿಯಲ್ಲಿರುವವನಿಗೆ ಅದು ವರವೇ ಸರಿ. ಆದರೆ ಅಲ್ಲಿ ಬೇಡವಾದ ಮಾತನ್ನು ಬೆರಳ ತುದಿಯಿಂದ ನಿಲ್ಲಿಸಬಹುದು. ಮಳೆಗಾಗಿ ಬಂದವನಿಗೆ ಸರಿದು ಜಾಗ ಕೊಡುವ ಅಜ್ಜನೂ ಅಲ್ಲಿಲ್ಲ. ಇದನ್ನೆಲ್ಲ ಅವಳಿಗೆ ಹೇಳಬೇಕೆಂದುಕೊಂಡು ತಡೆದೆ. ಉಪದೇಶದಿಂದ ಯಾರೂ ಕೇಳುಗರಾದದ್ದನ್ನು ನಾನು ಕಂಡಿಲ್ಲ. “ಮುಂದಿನ ವಾರ ಇನ್ನೊಮ್ಮೆ ಬಾರವ್ವಾ,” ಎಂದಷ್ಟೇ ಹೇಳಿದೆ.

ಅವಳು ಬಂದಳು, ಗೆಳತಿಯೊಬ್ಬಳನ್ನು ಕರೆದುಕೊಂಡು ಬಂದಳು. ಕಡೆಯ ಸಾಲಿನಲ್ಲಿ ಕೂತಿದ್ದ ನಾನು ಸರಿದು ಜಾಗ ಮಾಡಿಕೊಟ್ಟೆ. ಹದಿನಾಲ್ಕು ಹದಿನೈದಾಯಿತು, ಹದಿನಾರಾಯಿತು. 1890ರಲ್ಲಿಯೂ ಸಂಘ ಹೀಗೆಯೇ ಆರಂಭವಾಗಿದ್ದಿರಬೇಕು.