ಕೈ ಊರದೆ ಏಳಿ!

ಸಾಗರದ ಹತ್ತಿರದ ನಮ್ಮೂರಿನಲ್ಲಿ ಎರಡು ವರ್ಷದ ಹಿಂದೆ ಒಂದು ಉಪನಯನ. ನೆಲದ ಮೇಲೆ ಬಾಳೆಲೆ ಹಾಕಿ ಪಂಕ್ತಿ ಊಟ. ಊಟ ಮುಗಿದು ಎಲ್ಲರೂ ಎದ್ದರು. ನಾನು ಮಾತ್ರ ಎಡಗೈ ನೆಲಕ್ಕೆ ಊರಿ, ಒಂದು ಮೊಣಕಾಲು ಮಡಚಿ, ಕೊನೆಗೆ ಪಕ್ಕದಲ್ಲಿದ್ದ ಚಿಕ್ಕಮ್ಮನ ಕೈ ಹಿಡಿದು ಎದ್ದೆ. ಚಿಕ್ಕಮ್ಮನಿಗೆ 66 ವರ್ಷ, ನನಗೆ 43. “ಏನೇ, ನಾನು ನಿನ್ನ ಎಬ್ಬಿಸೋ ಹಾಗಾಯ್ತಲ್ಲೇ!” ಎಂದು ಅವರು ನಕ್ಕರು. ನಾನೂ ನಕ್ಕೆ. ಬೆಂಗಳೂರಿಗೆ ವಾಪಸ್ಸಾದ ಮೇಲೆ ಮರೆತೂಬಿಟ್ಟೆ.

ಅದಾಗಿ ಎರಡು ತಿಂಗಳಿಗೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಹತ್ತಿರ ತೊಡೆಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆಯಾಗಿ, ಮೂಳೆ ಕೂಡಿಕೊಳ್ಳುತ್ತಾ ಬಂದರೂ ಅಮ್ಮನಿಗೆ ಕುರ್ಚಿಯಿಂದ ಏಳಲು ಆಗುತ್ತಿರಲಿಲ್ಲ. ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಹುಡುಗಿ ಹೇಳಿದಳು: “ಅಮ್ಮಾ, ಡಾಕ್ಟರು ಸರಿ ಮಾಡಿದ್ದು ಮೂಳೆನ. ನಿಮ್ಮನ್ನ ಎಬ್ಬಿಸಿ ನಿಲ್ಲಿಸೋದು ತೊಡೆಯ ಸ್ನಾಯು. ಅದನ್ನ ನಾವೇ ಬೆಳೆಸಬೇಕು.” ಆಮೇಲೆ ನನ್ನ ಕಡೆ ತಿರುಗಿ, “ಅಕ್ಕಾ, ನೀವೂ ಜೊತೆಗೆ ಮಾಡಿ. ಅಮ್ಮಂಗೆ ಬೇಜಾರು ಕಳೆಯುತ್ತೆ” ಅಂದಳು.

ಎದೆಯ ಮೇಲೆ ಕೈ ಕಟ್ಟಿಕೊಂಡು ಕುರ್ಚಿಯಿಂದ ಏಳುವುದು, ಕೂರುವುದು. ಅಷ್ಟೇ. ಆರನೆಯ ಸಲಕ್ಕೆ ನನ್ನ ತೊಡೆ ನಡುಗತೊಡಗಿತು. ಅಮ್ಮ ನನ್ನನ್ನೇ ನೋಡುತ್ತಿದ್ದಳು. ಚಿಕ್ಕಮ್ಮನ ನಗು ಆಗ ನೆನಪಾಯಿತು.

ಮನೆಗೆಲಸ ಸಾಲದೆ?

ನಾನೂ ಹಾಗೇ ಅಂದುಕೊಂಡಿದ್ದೆ. ಬೆಳಗ್ಗೆ ಐದೂವರೆಗೆ ಎದ್ದರೆ ತಿಂಡಿ, ಡಬ್ಬಿ, ಬಸ್ಸು, ಆಫೀಸು, ಮತ್ತೆ ಅಡುಗೆ. ಇದಕ್ಕಿಂತ ವ್ಯಾಯಾಮ ಬೇಕೆ? ಆದರೆ ದಣಿಯುವುದು ಬೇರೆ, ಬಲಗೊಳ್ಳುವುದು ಬೇರೆ. ಸ್ನಾಯು ಬೆಳೆಯಬೇಕಾದರೆ ಅದಕ್ಕೆ ಅಭ್ಯಾಸವಿರುವುದಕ್ಕಿಂತ ಸ್ವಲ್ಪ ಹೆಚ್ಚಿನ ಭಾರ ಬೀಳಬೇಕು. ವರ್ಷಗಟ್ಟಲೆ ಅದೇ ಕುಕ್ಕರ್ ಎತ್ತಿ ಇಳಿಸಿದರೆ ದೇಹಕ್ಕೆ ಹೊಸದಾಗಿ ಕಲಿಯುವುದೇನೂ ಇರುವುದಿಲ್ಲ.

ಅಮ್ಮ ಹರೆಯದಲ್ಲಿ ಬಾವಿಯಿಂದ ನೀರು ಸೇದಿ, ಸೊಂಟದ ಮೇಲೆ ಕೊಡ ಹೊತ್ತು, ಒರಳಲ್ಲಿ ಹಿಟ್ಟು ರುಬ್ಬಿದವಳು. ಪಂಪು, ಮಿಕ್ಸಿ ಬಂದವು. ಬಂದಿದ್ದು ಒಳ್ಳೆಯದೇ, ಆ ಕಷ್ಟ ಯಾರಿಗೂ ಬೇಡ. ಆದರೆ ಭಾರದ ಕೆಲಸ ಹೋದ ಜಾಗಕ್ಕೆ ಬೇರೇನೂ ಬರಲಿಲ್ಲ.

ಮೂವತ್ತು ದಾಟಿದ ಮೇಲೆ, ಬಳಸದೇ ಬಿಟ್ಟರೆ, ಪ್ರತಿ 10 ವರ್ಷಕ್ಕೆ ಶೇ 3ರಿಂದ 8ರಷ್ಟು ಸ್ನಾಯು ಕರಗುತ್ತದೆ ಎನ್ನುತ್ತಾರೆ ವೈದ್ಯರು. ಅರವತ್ತರ ನಂತರ ಆ ವೇಗ ಇನ್ನೂ ಹೆಚ್ಚು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾಗಿ ಮೂಳೆಯೂ ಬೇಗ ಸವೆಯುತ್ತದೆ. ಭಾರ ಎತ್ತಿದಾಗ ಸ್ನಾಯು ಮೂಳೆಯನ್ನು ಎಳೆಯುತ್ತದೆ, ಆ ಎಳೆತವೇ ಮೂಳೆಗೆ ಗಟ್ಟಿಯಾಗಿರಲು ಸೂಚನೆ. ಊಟದ ನಂತರ ರಕ್ತದಲ್ಲಿರುವ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದೂ ಸ್ನಾಯುವೇ. ಹಾಗಾಗಿ ಮಧುಮೇಹ ತಡೆಯುವುದರಲ್ಲೂ ಅದಕ್ಕೆ ಪಾತ್ರವಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ನಡಿಗೆಯಂಥ ಚಟುವಟಿಕೆಯ ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಹೇಳಿದೆ. ವಾಕಿಂಗ್ ಹೋದರೆ ಎಲ್ಲ ಮುಗಿಯಿತು ಎಂದುಕೊಂಡಿದ್ದ ನನಗೆ ಇದು ಹೊಸ ವಿಷಯ.

ಜಿಮ್ಮಿನ 11 ದಿನ

ಉತ್ಸಾಹದಲ್ಲಿ ಒಂದು ವರ್ಷದ ದುಡ್ಡು ಕಟ್ಟಿ ಜಿಮ್ಮಿಗೆ ಸೇರಿದೆ. ಹೋಗಿದ್ದು 11 ದಿನ. ಮಗಳ ಪರೀಕ್ಷೆ, ಅತ್ತೆಯ ಕಣ್ಣಿನ ಆಪರೇಷನ್, ಆಫೀಸಿನ ಆಡಿಟ್, ಒಂದಾದ ಮೇಲೊಂದು. ಹೋಗಿ ಬರಲಿಕ್ಕೇ ಮುಕ್ಕಾಲು ಗಂಟೆ ಬೇಕಿತ್ತು. ತಪ್ಪು ಜಿಮ್ಮಿನದಲ್ಲ. ನನ್ನ ದಿನದಲ್ಲಿ ಇಲ್ಲದ ಸಮಯಕ್ಕೆ ನಾನು ದುಡ್ಡು ಕಟ್ಟಿದ್ದೆ.

ಆಮೇಲೆ ಉಳಿದಿದ್ದು ಅಡುಗೆಮನೆ. ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಕುಕ್ಕರ್ ಒಲೆಯ ಮೇಲಿಟ್ಟ ಮೇಲೆ 15 ನಿಮಿಷ. ನಡುವಿನ ದಿನ ಸ್ನಾಯುವಿಗೆ ವಿಶ್ರಾಂತಿ, ಅದೂ ಬೇಕೇ ಬೇಕು.

ನಾನು ಮಾಡುವ ಐದು

ಬಸ್ಕಿ: ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಿಂದ ಕೈ ಊರದೆ ಏಳುವುದು, ನಿಧಾನ ಕೂರುವುದು. ದೊಪ್ಪನೆ ಕೂರಬಾರದು.

ಗೋಡೆ ದಂಡ: ಗೋಡೆಯಿಂದ ಒಂದು ಮಾರು ದೂರ ನಿಲ್ಲದೆ, ತೋಳಳತೆಯಲ್ಲಿ ನಿಂತು ಎರಡೂ ಅಂಗೈ ಊರಿ, ಎದೆಯನ್ನು ಗೋಡೆಯ ಹತ್ತಿರ ತಂದು ಹಿಂದಕ್ಕೆ ತಳ್ಳುವುದು. ಸುಲಭವಾದಾಗ ಗೋಡೆಯ ಬದಲು ಅಡುಗೆ ಕಟ್ಟೆ.

ಚೀಲ ಎಳೆತ: ಬಟ್ಟೆ ಚೀಲದಲ್ಲಿ 2 ಕೆ.ಜಿ. ಅಕ್ಕಿ. ಒಂದು ಕೈ ಕುರ್ಚಿಗೆ ಊರಿ, ಬೆನ್ನು ನೇರ ಇಟ್ಟು ಸೊಂಟದಿಂದ ಮುಂದಕ್ಕೆ ಬಾಗಿ, ಇನ್ನೊಂದು ಕೈಯಲ್ಲಿ ಚೀಲವನ್ನು ಪಕ್ಕೆಯ ತನಕ ಎಳೆಯುವುದು. ಆಮೇಲೆ ಕೈ ಬದಲಿಸುವುದು.

ಹಿಮ್ಮಡಿ ಎತ್ತುವುದು: ಕಟ್ಟೆ ಹಿಡಿದು ತುದಿಗಾಲಲ್ಲಿ ನಿಂತು, ನಿಧಾನ ಇಳಿಯುವುದು.

ಸೇತುವೆ: ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ, ಸೊಂಟವನ್ನು ಮೇಲಕ್ಕೆತ್ತಿ ಇಳಿಸುವುದು.

ಒಂದೊಂದನ್ನೂ 8ರಿಂದ 12 ಸಲ, ಎರಡು ಸುತ್ತು. ಕೊನೆಯ ಎರಡು ಸಲ ಕಷ್ಟವಾಗಬೇಕು, ಆದರೆ ಭಂಗಿ ಕೆಡಬಾರದು. ಹನ್ನೆರಡೂ ಸುಲಭ ಎನಿಸಿದರೆ ಚೀಲಕ್ಕೆ ಅರ್ಧ ಕೆ.ಜಿ. ಸೇರಿಸಿ, ಇಲ್ಲವೇ ಏಳುವಾಗ ನೀರು ತುಂಬಿದ ಬಾಟಲಿ ಹಿಡಿದುಕೊಳ್ಳಿ. ಒಂದು ಲೀಟರ್ ನೀರೆಂದರೆ ಒಂದು ಕೆ.ಜಿ., ಲೆಕ್ಕವೂ ಸುಲಭ. ಬಲ ಹಾಕುವಾಗ ಉಸಿರು ಬಿಡಿ, ಹಿಡಿದಿಟ್ಟುಕೊಳ್ಳಬೇಡಿ.

ಮೊದಲ ದಿನ ನನ್ನನ್ನು ನೋಡಿದ ಮಗಳು, “ಅಮ್ಮಾ, ನಿಂಗೆ ಯಾವ ಮಿಸ್ಸು ಬಸ್ಕಿ ಹೊಡೆಸ್ತಿದಾರೆ?” ಅಂದಳು. ಈಗ ಎಣಿಸುವುದು ಅವಳ ಕೆಲಸ. ಒಂಬತ್ತು ಆದಮೇಲೆ ಬೇಕಂತಲೇ ಮತ್ತೆ ಎಂಟು ಅನ್ನುತ್ತಾಳೆ.

ತಟ್ಟೆಯ ಕಡೆಗೂ ಗಮನ

ಸ್ನಾಯು ಕಟ್ಟುವುದು ಪ್ರೋಟೀನ್. ವಯಸ್ಕರಿಗೆ ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. 60 ಕೆ.ಜಿ. ತೂಕದವರಿಗೆ ಸುಮಾರು 50 ಗ್ರಾಂ. ನಮ್ಮ ಮನೆಗಳಲ್ಲಿ ಆಗುವುದೇನು? ಎಲ್ಲರಿಗೂ ಬಡಿಸಿದ ಮೇಲೆ ಕೊನೆಗೆ ಕೂರುವವಳಿಗೆ ಹುಳಿಯ ತಿಳಿ ಮಾತ್ರ, ಬೇಳೆ ಆಗಲೇ ಖಾಲಿ. ನಾನೀಗ ಮೊದಲೇ ನನ್ನ ಪಾಲಿನ ಬೇಳೆ, ಕಾಳನ್ನು ಬಟ್ಟಲಿಗೆ ತೆಗೆದಿಡುತ್ತೇನೆ. ಹುರುಳಿ, ಹೆಸರುಕಾಳು, ಶೇಂಗಾ, ಮೊಸರು, ಹಾಲು ಎಲ್ಲ ಮನೆಯಲ್ಲೇ ಇರುವಂಥವು. ತಿನ್ನುವವರಿಗೆ ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಿಗುತ್ತದೆ.

ಭಾರ ಎತ್ತಿದರೆ ಗಂಡಸರ ಹಾಗೆ ಮೈ ಉಬ್ಬುತ್ತದೆ ಎಂಬ ಭಯ ಬೇಡ. ಅದಕ್ಕೆ ಬೇಕಾದ ಟೆಸ್ಟೋಸ್ಟೆರಾನ್ ಹಾರ್ಮೋನು ಹೆಂಗಸರಲ್ಲಿ ಬಹಳ ಕಡಿಮೆ. ಆದರೆ ಹೃದಯದ ತೊಂದರೆ, ಹತೋಟಿಗೆ ಬಾರದ ಬಿ.ಪಿ., ಮೂಳೆ ಸವೆತ, ಮಂಡಿನೋವು ಇರುವವರು, ಗರ್ಭಿಣಿಯರು, ಬಾಣಂತಿಯರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು. ಮರುದಿನ ಸ್ನಾಯು ಸ್ವಲ್ಪ ನೋಯುವುದು ಸಹಜ. ಕೀಲಿನಲ್ಲಿ ಚುಚ್ಚಿದಂಥ ನೋವು, ತಲೆಸುತ್ತು, ಎದೆನೋವು ಬಂದರೆ ತಕ್ಷಣ ನಿಲ್ಲಿಸಿ.

ಎರಡು ವರ್ಷದಲ್ಲಿ ನಾನು ಬಿಟ್ಟ ವಾರಗಳು ಬೇಕಾದಷ್ಟಿವೆ. ಹಬ್ಬ, ಜ್ವರ, ನೆಂಟರು, ಏನೂ ಕಾರಣವಿಲ್ಲದ ಸೋಮಾರಿತನ. ಬಿಟ್ಟಿದ್ದಕ್ಕೆ ಬೈದುಕೊಳ್ಳದೆ ಮತ್ತೆ ಸೋಮವಾರ ಕುಕ್ಕರ್ ಇಡುತ್ತೇನೆ. ತೂಕ ಎರಡು ಕೆ.ಜಿ. ಇಳಿದಿರಬಹುದು, ಅಷ್ಟೇ. ಆದರೆ ಮೊನ್ನೆ ಗೌರಿ ಹಬ್ಬಕ್ಕೆ ಊರಿಗೆ ಹೋದಾಗ, ಎರಡೂ ಕೈಯಲ್ಲಿ ಬಾಗಿನದ ಮೊರ ಹಿಡಿದು ನೆಲದಿಂದ ಎದ್ದೆ. ಯಾರೂ ಗಮನಿಸಲಿಲ್ಲ, ಅಮ್ಮನೊಬ್ಬಳನ್ನು ಬಿಟ್ಟು. ಅವಳು ಈಗ ಕೋಲು ಹಿಡಿದೇ ನಡೆಯುತ್ತಾಳೆ, ಆದರೆ ಕುರ್ಚಿಯಿಂದ ಒಬ್ಬಳೇ ಏಳುತ್ತಾಳೆ, ದಿನಕ್ಕೆ ಎಂಟು ಸಲ, ಲೆಕ್ಕ ತಪ್ಪದೆ. “ನಿನ್ನ ವಯಸ್ಸಲ್ಲಿ ಯಾರಾದ್ರೂ ಹೇಳಿದ್ರೆ ನಾನೂ ಮಾಡ್ತಿದ್ದೆ” ಅಂದಳು.

ಅವಳಿಗೆ ಯಾರೂ ಹೇಳಲಿಲ್ಲ. ಅದಕ್ಕೇ ನಾನು ನಿಮಗೆ ಹೇಳುತ್ತಿದ್ದೇನೆ. ಈ ಪುಟ ಓದಿ ಮುಗಿಸಿದಿರಲ್ಲ, ಪತ್ರಿಕೆಯನ್ನು ಪಕ್ಕಕ್ಕಿಡಿ. ಎದೆಯ ಮೇಲೆ ಕೈ ಕಟ್ಟಿಕೊಂಡು, ಕೂತಲ್ಲಿಂದ ಒಮ್ಮೆ ಎದ್ದು ನೋಡಿ.