ಪಟ್ಟಣದಲ್ಲಿ ಮನೆ ಭೋಗ್ಯಕ್ಕೆ ಹಿಡಿಯುವ ಮುನ್ನ



ರೇಷ್ಮೆಯೋ ರಾಗಿಯೋ ಮಾರಿ ಕೂಡಿಟ್ಟ ಹಣ ಮನೆಯಲ್ಲಿದೆ. ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ದಂಡಿನ ಕಡೆ ರಿಚರ್ಡ್ಸ್ ಟೌನಿನಲ್ಲಿ ಒಂದು ಮನೆ ನೋಡಿ ಬಂದಿದ್ದಾನೆ. “ಅಪ್ಪಾ, 15 ಲಕ್ಷ ಕೊಟ್ಟರೆ 3 ವರ್ಷ ಬಾಡಿಗೆಯೇ ಇಲ್ಲ. ಬಿಡುವಾಗ ಅಷ್ಟೂ ಹಣ ವಾಪಸ್ಸು” ಅನ್ನುತ್ತಾನೆ. ಪಟ್ಟಣದವರು ಇದನ್ನು ಲೀಸು ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಭೋಗ್ಯ.

ಹಳ್ಳಿಯಲ್ಲಿ ಹೊಲ ಭೋಗ್ಯಕ್ಕೆ ಹಾಕಿದರೆ ಊರಿಗೆಲ್ಲ ತಿಳಿಯುತ್ತದೆ. ಪಟ್ಟಣದಲ್ಲಿ ಪಕ್ಕದ ಮನೆಯವರಿಗೂ ತಿಳಿಯದು. ಅಲ್ಲಿ ನಿಮ್ಮ ಪರವಾಗಿ ಸಾಕ್ಷಿ ಹೇಳುವುದು ಕಾಗದ ಒಂದೇ.

ಮೊದಲನೆಯದು, ಮನೆ ಯಾರದು? ದಂಡು ಪ್ರದೇಶ 1947ರವರೆಗೆ ಬ್ರಿಟಿಷರ ಆಡಳಿತದಲ್ಲಿತ್ತು. 1949ರಲ್ಲಿ ಪೇಟೆಯೂ ದಂಡೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಅಂಥ ಹಳೆಯ ಬಡಾವಣೆಯಲ್ಲಿ ತಾತನ ಕಾಲದ ಮನೆಗೆ ಹಕ್ಕುದಾರರು ಹಲವರಿರಬಹುದು, ಕೆಲವರು ಪರದೇಶದಲ್ಲೂ ಇರಬಹುದು. ಕ್ರೈಸ್ತ ಯಜಮಾನರು ಉಯಿಲು ಬರೆಯದೆ ತೀರಿಕೊಂಡರೆ, 1925ರ ಉತ್ತರಾಧಿಕಾರ ಕಾಯಿದೆಯಂತೆ ಹೆಂಡತಿಗೆ ಮೂರರಲ್ಲೊಂದು ಪಾಲು; ಉಳಿದದ್ದು ಗಂಡು ಹೆಣ್ಣು ಮಕ್ಕಳಿಗೆ ಸಮನಾಗಿ. ಹೀಗಿರುವಾಗ ಒಬ್ಬ ಮಗನ ರುಜು ಸಾಕೇ? ಸಾಲದು. ಮುಖ್ತ್ಯಾರ್ ಪತ್ರ ತೋರಿಸಿದರೆ ಅದನ್ನು ಓದಿಸಿ. ಕೊಟ್ಟವರು ತೀರಿಕೊಂಡಿದ್ದರೆ ಆ ಪತ್ರವೂ ಮುಗಿದಂತೆಯೇ. ಖಾತೆ ಇದೆ ಎಂದು ನಂಬಬೇಡಿ. ಖಾತೆ ಕಂದಾಯದ ಲೆಕ್ಕಕ್ಕೆ, ಹಕ್ಕು ಹೇಳುವುದು ನೋಂದಾಯಿತ ಪತ್ರ.

ಎರಡನೆಯದು, ಮನೆಯ ಮೇಲೆ ಸಾಲವಿದೆಯೇ? ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ. ಅಷ್ಟಕ್ಕೇ ನಿಲ್ಲಬೇಡಿ. ಬ್ಯಾಂಕಿನಲ್ಲಿ ಮೂಲ ಪತ್ರ ಇಟ್ಟು ತಂದ ಸಾಲ ಕೆಲವು ವೇಳೆ ಅದರಲ್ಲಿ ಕಾಣುವುದಿಲ್ಲ. “ಮೂಲ ಪತ್ರ ತೋರಿಸಿ ಸ್ವಾಮಿ” ಎಂದು ಕೇಳಿ. ನಕಲು ಮಾತ್ರ ತೋರಿಸಿದರೆ ಅನುಮಾನ ಪಡಿ. ಸಾಲ ತೀರದಿದ್ದರೆ, 2002ರ ಕಾಯಿದೆಯ ಪ್ರಕಾರ ಬ್ಯಾಂಕು ಮೊಕದ್ದಮೆ ಹೂಡದೆಯೇ ಮನೆಯನ್ನು ವಶಕ್ಕೆ ಪಡೆದು ಹರಾಜು ಹಾಕಬಹುದು. ಆಗ ನೀವು ಮನೆ ಬಿಟ್ಟು, ಹಣಕ್ಕಾಗಿ ಮಾಲೀಕರ ಹಿಂದೆ ಅಲೆಯಬೇಕಾದೀತು.

ಮೂರನೆಯದು, ನೋಂದಣಿ. ಹಣ ಕೊಡುವುದು 3 ವರ್ಷಕ್ಕೆ, ಬರೆಯುವುದು 11 ತಿಂಗಳ ಬಾಡಿಗೆ ಕರಾರು! ದಲ್ಲಾಳಿ ಹೀಗೆ ಹೇಳಿದರೆ ಒಪ್ಪಬೇಡಿ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ಕಾಯಿದೆಯಂತೆ ನೋಂದಾಯಿಸಲೇಬೇಕು. ನೋಂದಾಯಿಸದ ಕಾಗದ ಭೋಗ್ಯದ ಹಕ್ಕಿಗೆ ರುಜುವಾತಾಗಿ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಛಾಪಾ ಸುಂಕ ಉಳಿಸಲು ಹೋಗಿ ಗಂಟು ಕಳೆದುಕೊಂಡ ಹಾಗಾಗುತ್ತದೆ.

ನಾಲ್ಕನೆಯದು, ಹಣ. ನೋಟಿನ ಕಟ್ಟು ಕೈಗೆ ಕೊಡಬೇಡಿ. ಬ್ಯಾಂಕಿನ ಮೂಲಕವೇ ಕೊಡಿ. ಯಾವ ದಿನ ವಾಪಸ್ಸು, ತಡವಾದರೆ ಎಷ್ಟು ಬಡ್ಡಿ, ಸುಣ್ಣಬಣ್ಣಕ್ಕೆಂದು ಎಷ್ಟು ಹಿಡಿಯಬಹುದು, ಎಲ್ಲವೂ ಪತ್ರದಲ್ಲಿರಲಿ. ಬಿಡುವಾಗ ಒಂದು ಕೈಯಲ್ಲಿ ಹಣ, ಇನ್ನೊಂದು ಕೈಯಲ್ಲಿ ಬೀಗದ ಕೈ.

ಓದು ಬರಹ ಬಾರದೆಂದು ಹಿಂಜರಿಯಬೇಡಿ. ತಾಲ್ಲೂಕು ನ್ಯಾಯಾಲಯದಲ್ಲಿ ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ವರ್ಗದವರಿಗೆ, ವರಮಾನ ಕಡಿಮೆಯಿರುವವರಿಗೆ ಅಲ್ಲಿ ಸಲಹೆ ಉಚಿತ. ಬೀಜ ಕೊಳ್ಳುವಾಗ ಮುಷ್ಟಿ ಬಿಚ್ಚಿ ನೋಡುತ್ತೀರಲ್ಲ, ಕಾಗದವನ್ನೂ ಹಾಗೆಯೇ ನೋಡಿ. ಮುಂಗಡ ಕೊಡುವುದು ಆಮೇಲೆ.